ನ್ಯೂಯಾರ್ಕ್‌ನಲ್ಲಿ ಗುಲಾಮಗಿರಿ ಮುಗಿಯೋಕೆ ಯಾಕೆ ಅಷ್ಟು ವರ್ಷ ಹಿಡೀತು

1641ರ ಜನವರಿಲಿ ಮ್ಯಾನ್‌ಹಟನ್ ದ್ವೀಪದ ತುದೀಲಿ, ಆಗ ನ್ಯೂ ಆಮ್‌ಸ್ಟರ್‌ಡ್ಯಾಮ್ ಅಂತ ಕರೀತಿದ್ದ ಸಣ್ಣ ಊರಲ್ಲಿ, ಮ್ಯಾನುಯೆಲ್ ಅನ್ನೋ ಗುಲಾಮನನ್ನ ನೇಣಿಗೆ ಹಾಕೋಕೆ ಕರ್ಕೊಂಡು ಬಂದ್ರು. ಆಳು ಭಾರೀ ದೇಹದವನು, ಅದಕ್ಕೆ ಎರಡು ಹಗ್ಗ ಹಾಕಿದ್ರು. ಏಣಿಯಿಂದ ತಳ್ಳಿದ ತಕ್ಷಣ ಎರಡೂ ಹಗ್ಗ ಕಿತ್ತು ಅವನು ಧೊಪ್ ಅಂತ ಕೆಳಗೆ ಬಿದ್ದ, ನೋಡೋಕೆ ಸೇರಿದ್ದ ಜನ ಬಿಟ್ಬಿಡಿ ಬಿಟ್ಬಿಡಿ ಅಂತ ಕೂಗಿದ್ರು, ಕೊನೆಗೆ ಅವನಿಗೆ ಕ್ಷಮೆ ಸಿಕ್ತು. ಕೇಸ್ ಏನು ಅಂದ್ರೆ ಇನ್ನೊಬ್ಬ ಗುಲಾಮನ ಕೊಲೆ ಆಗಿತ್ತು, ಒಂಬತ್ತು ಜನ ಗುಲಾಮರು ಒಟ್ಟಿಗೆ ನಿಂತು ನಾವೆಲ್ಲ ಸೇರೇ ಮಾಡಿದ್ವಿ ಅಂತ ಒಪ್ಕೊಂಡ್ರು, ಏಟು ಕೊಟ್ಟೋನು ಯಾರು ಅಂತ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಒಂಬತ್ತೂ ಜನರನ್ನ ಗಲ್ಲಿಗೇರಿಸಿದ್ರೆ ಕಂಪನಿ ಕೆಲಸ ಮಾಡೋರು ಯಾರು? ಹಾಗಾಗೀನೇ ಇರಬೇಕು, ಚೀಟಿ ಎತ್ತಿದ್ರು, ಅದು ಮ್ಯಾನುಯೆಲ್ ಹೆಸರಿಗೆ ಬಂತು.

ಅವರ ಯಜಮಾನ ಯಾವ ಒಬ್ಬ ಸಾಹುಕಾರನೂ ಅಲ್ಲ, ಒಂದು ಕಂಪನಿ. ಡಚ್ ವೆಸ್ಟ್ ಇಂಡಿಯಾ ಕಂಪನಿ. 1626ರ ಆಸುಪಾಸಲ್ಲಿ ಹನ್ನೊಂದು ಜನ ಆಫ್ರಿಕನ್ ಗಂಡಸರನ್ನ ಈ ಕಂಪನಿ ಇಲ್ಲಿಗೆ ತಂದಿತ್ತು. ಪಾಲೊ ಅಂಗೋಲಾ, ಸೈಮನ್ ಕಾಂಗೊ, ಆಂಟನಿ ಪೋರ್ಚುಗೀಸ್, ದೊಡ್ಡ ಮ್ಯಾನುಯೆಲ್, ಚಿಕ್ಕ ಮ್ಯಾನುಯೆಲ್, ಹೀಗೆ ಹೆಸರುಗಳು, ಅವರನ್ನ ಎಲ್ಲಿ ಹಿಡಿದ್ರು ಯಾರ ಕೈ ದಾಟಿ ಬಂದ್ರು ಅನ್ನೋದು ಹೆಸರಲ್ಲೇ ಅಂಟಿಕೊಂಡಿದೆ. ಕಾಡು ಕಡಿದಿದ್ದು, ಕೋಟೆ ಕಟ್ಟಿದ್ದು, ರಸ್ತೆ ಮಾಡಿದ್ದು ಇವರು. ಮುಂದೆ 1653ರಲ್ಲಿ ಊರಿನ ಉತ್ತರಕ್ಕೆ ಮರದ ಗೋಡೆ ಎದ್ದಾಗ್ಲೂ ಗುಲಾಮರ ಕೈ ಅದರಲ್ಲಿತ್ತು, ಆ ಗೋಡೆ ಇದ್ದ ಜಾಗವೇ ಇವತ್ತಿನ ವಾಲ್ ಸ್ಟ್ರೀಟ್.

1644ರ ಫೆಬ್ರವರಿಲಿ ಗವರ್ನರ್ ವಿಲೆಮ್ ಕೀಫ್ಟ್ ಆ ಹನ್ನೊಂದು ಜನಕ್ಕೂ ಅವರ ಹೆಂಡತಿಯರಿಗೂ ಬಿಡುಗಡೆ ಕೊಟ್ಟ, ಹಗ್ಗ ಕಿತ್ತು ಬದುಕಿದ ಮ್ಯಾನುಯೆಲ್ ಹೆಸರೂ ಆ ಪಟ್ಟಿಲಿದೆ. 18-19 ವರ್ಷ ಸೇವೆ ಮಾಡಿದ್ದಾರೆ, ಸಂಸಾರ ದೊಡ್ಡದಾಗಿದೆ, ಸಾಕೋಕೆ ಆಗ್ತಿಲ್ಲ ಅಂತ ಅರ್ಜಿ ಹಾಕಿದ್ರು. ಊರಾಚೆ ಜಮೀನೂ ಸಿಕ್ತು, ಈಗಿನ ಗ್ರೆನಿಚ್ ವಿಲೇಜ್, ವಾಷಿಂಗ್ಟನ್ ಸ್ಕ್ವೇರ್ ಪಾರ್ಕ್ ಸುತ್ತಮುತ್ತ. ಕೇಳೋಕೆ ಚೆನ್ನಾಗಿದೆ ಅಲ್ವಾ, ಷರತ್ತು ನೋಡಿ ಈಗ. ಒಂದು, ಪ್ರತಿಯೊಬ್ಬನೂ ವರ್ಷಕ್ಕೆ ಇಷ್ಟು ಅಂತ ಜೋಳನೋ ಗೋಧಿನೋ ಕಾಳೋ ಜೊತೆಗೊಂದು ಕೊಬ್ಬಿದ ಹಂದಿ ಕಂಪನಿಗೆ ಕಟ್ಟಬೇಕು, ಕಟ್ಟದಿದ್ರೆ ಮತ್ತೆ ಗುಲಾಮ. ಎರಡು, ಕಂಪನಿ ಕೆಲಸಕ್ಕೆ ಕರೆದಾಗ ಬರಬೇಕು, ಕೂಲಿ ಕೊಡ್ತೀವಿ. ಮೂರನೇದು ಎದೆಗೆ ಒದ್ದ ಹಾಗಿದೆ, ಅವರಿಗೆ ಈಗಾಗ್ಲೇ ಹುಟ್ಟಿರೋ ಮತ್ತೆ ಇನ್ಮುಂದೆ ಹುಟ್ಟೋ ಮಕ್ಕಳೆಲ್ಲ ಕಂಪನಿಯ ಗುಲಾಮರು. ಅಪ್ಪ ಅಮ್ಮ ಸ್ವತಂತ್ರರು, ಹೊಟ್ಟೇಲಿರೋ ಮಗು ಕಂಪನಿ ಆಸ್ತಿ. ಜಮೀನು ಕೊಟ್ಟಿದ್ದರ ಹಿಂದೆಯೂ ಲೆಕ್ಕಾಚಾರ ಇತ್ತು ಅಂತಾರೆ ಇತಿಹಾಸಕಾರರು, ಆಗ ಕೀಫ್ಟ್ ಅಲ್ಲಿನ ಮೂಲನಿವಾಸಿಗಳ ಜೊತೆ ಯುದ್ಧ ಮೈಮೇಲೆ ಎಳ್ಕೊಂಡಿದ್ದ, ದಾಳಿ ಮಾಡೋರು ಊರಿಗೆ ಬರೋ ಮೊದಲು ದಾಟಬೇಕಿದ್ದ ಜಾಗದಲ್ಲಿ ಈ ಸಂಸಾರಗಳನ್ನ ಕೂರಿಸಿದ. ಇದಕ್ಕೆ ಇತಿಹಾಸದಲ್ಲಿ ಅರೆ ಸ್ವಾತಂತ್ರ್ಯ ಅಂತ ಹೆಸರು.

ಈ 1644ರ ಕಾಗದವನ್ನ ನೆನಪಲ್ಲಿ ಇಟ್ಕೊಳ್ಳಿ, ಯಾಕಂದ್ರೆ 155 ವರ್ಷ ಆದ್ಮೇಲೆ ಇದೇ ನ್ಯೂಯಾರ್ಕ್ ಗುಲಾಮಗಿರಿ ನಿಲ್ಲಿಸೋ ಕಾನೂನು ಮಾಡಿದಾಗ ಇದನ್ನೇ ತಿರುವು ಮುರುವು ಮಾಡ್ತು, ಮಕ್ಕಳು ಸ್ವತಂತ್ರರು, ಅಪ್ಪ ಅಮ್ಮ ಗುಲಾಮರು. ಅಲ್ಲಿಗೆ ಬರ್ತೀನಿ.

ಅಮೆರಿಕದ ಗುಲಾಮಗಿರಿ ಅಂದ್ರೆ ನಾವು ಸ್ಕೂಲಲ್ಲಿ ಓದಿದ್ದು ದಕ್ಷಿಣದ ಹತ್ತಿ ಹೊಲ, ಲಿಂಕನ್, ಯುದ್ಧ, ಬಿಡುಗಡೆ, ಅಷ್ಟೇ. ಉತ್ತರದವರು ಬಿಡಿಸಿದವರು ಅನ್ನೋ ಚಿತ್ರ ಕೂತುಬಿಟ್ಟಿದೆ. ನ್ಯೂಯಾರ್ಕ್ ಸುಮಾರು 200 ವರ್ಷ ಗುಲಾಮರನ್ನ ಇಟ್ಕೊಂಡಿದ್ದ ಊರು, 1700ರ ದಶಕಗಳಲ್ಲಿ ಬ್ರಿಟಿಷ್ ಅಮೆರಿಕದ ಪಟ್ಟಣಗಳಲ್ಲಿ ದಕ್ಷಿಣದ ಚಾರ್ಲ್ಸ್‌ಟನ್ ಬಿಟ್ರೆ ಇಷ್ಟು ಗುಲಾಮರು ಇದ್ದ ಊರು ಇನ್ನೊಂದಿರಲಿಲ್ಲ ಅಂತ ಹೇಳೋದುಂಟು, ಇದು ಅಲ್ಲಿನವರಿಗೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

1664ರಲ್ಲಿ ಇಂಗ್ಲಿಷರು ಊರನ್ನ ಡಚ್ಚರಿಂದ ಕಿತ್ಕೊಂಡ್ರು. ಊರಿಗೆ ನ್ಯೂಯಾರ್ಕ್ ಅಂತ ಹೆಸರು ಬಂದಿದ್ದು ರಾಜನ ತಮ್ಮ ಯಾರ್ಕ್‌ನ ಡ್ಯೂಕ್‌ನಿಂದ, ಅದೇ ಮನುಷ್ಯ ಆಫ್ರಿಕಾದಿಂದ ಗುಲಾಮರನ್ನ ಸಾಗಿಸ್ತಿದ್ದ ಇಂಗ್ಲಿಷ್ ಕಂಪನಿಯ ಮುಖ್ಯಸ್ಥ ಕೂಡ, ಅಂದ್ರೆ ಊರಿನ ಹೆಸರಲ್ಲೇ ವ್ಯಾಪಾರ ಇದೆ. ಡಚ್ಚರ ಕಾಲದಲ್ಲಿ ಗುಲಾಮರು ಕೋರ್ಟಿಗೆ ಹೋಗಬಹುದಿತ್ತು, ಚರ್ಚಲ್ಲಿ ಮದುವೆ ಆಗಬಹುದಿತ್ತು, ಬಿಡುವಿನ ಹೊತ್ತಲ್ಲಿ ಒಂದಿಷ್ಟು ದುಡ್ಕೋಬಹುದಿತ್ತು. ಒಳ್ಳೆಯವರು ಅಂತಲ್ಲ, ಕಾನೂನು ಇನ್ನೂ ಗಟ್ಟಿಯಾಗಿರಲಿಲ್ಲ ಅಷ್ಟೇ. ಇಂಗ್ಲಿಷರು ಬಂದು ಒಂದೊಂದೇ ಕಿಂಡಿ ಮುಚ್ಚಿದ್ರು. 1702ರ ಕಾನೂನಿನ ಪ್ರಕಾರ ಯಜಮಾನನ ಕೆಲಸಕ್ಕೆ ಅಲ್ಲದೆ ಮೂರಕ್ಕಿಂತ ಹೆಚ್ಚು ಗುಲಾಮರು ಒಂದು ಕಡೆ ಸೇರಂಗಿಲ್ಲ, ಸೇರಿದ್ರೆ 40 ಛಡಿ ಏಟಿನವರೆಗೂ ಶಿಕ್ಷೆ. ಯಜಮಾನ ತನಗೆ ಸರಿ ಕಂಡ ಹಾಗೆ ಶಿಕ್ಷಿಸಬಹುದು, ಪ್ರಾಣ ತೆಗೀಬಾರದು ಕೈಕಾಲು ಕತ್ತರಿಸಬಾರದು ಅಷ್ಟೇ. 1706ರಲ್ಲಿ ಇನ್ನೊಂದು, ದೀಕ್ಷಾಸ್ನಾನ ತಗೊಂಡು ಕ್ರಿಶ್ಚಿಯನ್ ಆದ್ರೂ ಗುಲಾಮ ಗುಲಾಮನೇ, ಮತ್ತೆ ತಾಯಿ ಗುಲಾಮಳಾದ್ರೆ ಮಗುವೂ ಗುಲಾಮ. ಈ ತಾಯಿ ಲೆಕ್ಕ ಯಾಕೆ ಅಂದ್ರೆ ಯಜಮಾನನೇ ಅಪ್ಪ ಆಗಿರೋ ಮಗುವೂ ಅವನ ಆಸ್ತಿ ಆಗೇ ಉಳಿಯತ್ತೆ, ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಯ ಜೀತಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇಲ್ಲೇ ಗೊತ್ತಾಗತ್ತೆ. ಜೀತದಲ್ಲಿ ಹೆಸರಿಗಾದ್ರೂ ಒಂದು ಸಾಲ ಇರತ್ತೆ, ಅದು ತೀರಲ್ಲ, ಮಗನ ತಲೆಗೂ ಬರತ್ತೆ, ನರಕವೇ, ಆದ್ರೆ ಕಾಗದದ ಮೇಲೆ ಮನುಷ್ಯ ಸಾಲಗಾರ. ಇಲ್ಲಿ ಮನುಷ್ಯನೇ ವಸ್ತು. ಉಯಿಲಲ್ಲಿ ಹಸು, ಕುರ್ಚಿ, ಬೆಳ್ಳಿ ಚಮಚದ ಪಕ್ಕ ಬರೀತಿದ್ರು, ಸಾಲಕ್ಕೆ ಅಡ ಇಡ್ತಿದ್ರು, ಮಗಳ ಮದುವೆಗೆ ಉಡುಗೊರೆ ಕೊಡ್ತಿದ್ರು.

ಊರಿನ ಗುಲಾಮಗಿರಿಗೆ ಅದರದ್ದೇ ಒಂದು ರೂಪ ಇತ್ತು. ದಕ್ಷಿಣದ ಥರ ನೂರಾರು ಜನರನ್ನ ಒಂದೇ ತೋಟದಲ್ಲಿ ಇಡೋದಲ್ಲ, ಮನೆಗೆ ಒಬ್ಬರೋ ಇಬ್ಬರೋ. 1703ರ ಹೊತ್ತಿಗೆ ಊರಿನ ನೂರು ಮನೇಲಿ 40ಕ್ಕೂ ಹೆಚ್ಚು ಮನೇಲಿ ಗುಲಾಮರು ಇದ್ರು, ಅಂದ್ರೆ ದೊಡ್ಡ ಶ್ರೀಮಂತರಷ್ಟೇ ಅಲ್ಲ, ಬೇಕರಿಯವನು, ಪೀಪಾಯಿ ಮಾಡೋನು, ವಿಧವೆ, ಎಲ್ಲರೂ. ಮಲಗೋದು ಅಡುಗೆಮನೆ ಮೂಲೆ, ನೆಲಮಾಳಿಗೆ, ಅಟ್ಟ. ಗಂಡ ಒಂದು ಮನೇಲಿ, ಹೆಂಡತಿ ಮೂರು ಬೀದಿ ಆಚೆ ಇನ್ನೊಬ್ಬರ ಮನೇಲಿ, ಮಗು ಹುಟ್ಟಿದ್ರೆ ಗದ್ದಲ ಜಾಸ್ತಿ ಅಂತ ಮಾರಿಬಿಡೋದು. ಮನೇಲಿ ಕೆಲಸ ಇಲ್ಲದ ದಿನ ಗುಲಾಮನನ್ನ ಬಾಡಿಗೆಗೆ ಬಿಡ್ತಿದ್ರು, ಅವನು ಬಂದರಿನಲ್ಲೋ ಹಡಗು ಕಟ್ಟೋ ಜಾಗದಲ್ಲೋ ದುಡಿದು ಕೂಲಿ ತಂದು ಯಜಮಾನನ ಕೈಗೆ ಹಾಕಬೇಕು. ಹೀಗೆ ಕೆಲಸ ಹುಡುಕ್ಕೊಂಡು ಬೀದಿ ಬೀದಿ ತಿರುಗೋ ಕಪ್ಪು ಜನರನ್ನ ಕಂಡ್ರೆ ಬಿಳಿಯರಿಗೆ ಭಯ. ಅದಕ್ಕೆ 1711ರಲ್ಲಿ ನಗರಸಭೆ ವಾಲ್ ಸ್ಟ್ರೀಟ್ ಕೊನೇಲಿ, ಈಸ್ಟ್ ರಿವರ್ ದಂಡೇಲಿ ಒಂದು ಅಧಿಕೃತ ಕಟ್ಟೆ ಮಾಡಿ, ಬಾಡಿಗೆಗೆ ಬಿಡೋ ಆಫ್ರಿಕನ್ ಮತ್ತೆ ಮೂಲನಿವಾಸಿ ಗುಲಾಮರೆಲ್ಲ ಇಲ್ಲೇ ನಿಲ್ಲಬೇಕು ಅಂತ ಗೊತ್ತು ಮಾಡ್ತು. ಬಾಡಿಗೆಯೂ ಅಲ್ಲೇ, ಮಾರಾಟವೂ ಅಲ್ಲೇ. ಮುಂದೆ ಅದೇ ಛಾವಣಿ ಕೆಳಗೆ ಕಾಳು ಹಿಟ್ಟೂ ಮಾರ್ತಿದ್ರು. ಷೇರು ಪೇಟೆ ಅಲ್ಲಿಗೆ ಬರೋಕೆ ಇನ್ನೂ 80 ವರ್ಷ ಇತ್ತು, 1762ರವರೆಗೆ ಮನುಷ್ಯರ ಸಂತೆ ನಡೀತು.

ಕಟ್ಟೆ ಶುರುವಾದ ಮುಂದಿನ ವರ್ಷವೇ, 1712ರ ಏಪ್ರಿಲ್‌ನ ಒಂದು ರಾತ್ರಿ, ಇಪ್ಪತ್ತಕ್ಕೂ ಹೆಚ್ಚು ಗುಲಾಮರು ಕೊಡಲಿ, ಚಾಕು, ಬಂದೂಕು ಹಿಡ್ಕೊಂಡು ಮೇಡನ್ ಲೇನ್ ಹತ್ರ ಒಂದು ಕೊಟ್ಟಿಗೆಗೆ ಬೆಂಕಿ ಇಟ್ಟು ಮರೇಲಿ ಕಾದ್ರು, ಆರಿಸೋಕೆ ಓಡಿ ಬಂದ ಬಿಳಿಯರ ಮೇಲೆ ಬಿದ್ರು. ಒಂಬತ್ತು ಜನ ಸತ್ರು. ಸೈನಿಕರು ಬಂದು ದ್ವೀಪ ಎಲ್ಲ ಜಾಲಾಡಿದಾಗ ಆರು ಜನ ಕೈಗೆ ಸಿಗೋ ಬದಲು ತಾವೇ ಪ್ರಾಣ ಕಳ್ಕೊಂಡ್ರು. 21 ಜನರನ್ನ ಕೊಂದ್ರು, ಕೆಲವರನ್ನ ಜೀವಂತ ಸುಟ್ಟು, ಒಬ್ಬನನ್ನ ಚಕ್ರಕ್ಕೆ ಕಟ್ಟಿ ಮೂಳೆ ಮುರಿದು. ಸರ್ಕಾರ ಮುಂದೆ ತಂದ ಕಾನೂನಲ್ಲಿ ನನಗೆ ಬಹಳ ಮುಖ್ಯ ಅನ್ಸೋದು ಒಂದೇ ಒಂದು ವಾಕ್ಯ, ಗುಲಾಮನನ್ನ ಬಿಡುಗಡೆ ಮಾಡಬೇಕು ಅಂತಿರೋ ಯಜಮಾನ 200 ಪೌಂಡ್ ಜಾಮೀನು ಕೊಡಬೇಕು, ಬಿಡುಗಡೆಯಾದವನಿಗೆ ವರ್ಷಕ್ಕೆ 20 ಪೌಂಡ್ ಕಟ್ಟಬೇಕು. ಆ ಕಾಲಕ್ಕೆ ಅದು ದೊಡ್ಡ ಗಂಟು. ಮನಸ್ಸು ಕರಗಿದ ಯಜಮಾನನೂ ಲೆಕ್ಕ ನೋಡಿ ಸುಮ್ಮನಾಗಬೇಕು. ಬಿಡುಗಡೆಯಾದವರು ಜಮೀನು ಮನೆ ಕೊಳ್ಳೋದನ್ನೂ ನಿಷೇಧಿಸಿದ್ರು, 1644ರ ಆ ಹನ್ನೊಂದು ಸಂಸಾರಕ್ಕೆ ಸಿಕ್ಕಿದ್ದಷ್ಟೂ ಇನ್ಮೇಲೆ ಯಾರಿಗೂ ಇಲ್ಲ.

1741ರದ್ದು ಇನ್ನೂ ವಿಚಿತ್ರ. ಮಾರ್ಚ್ 18ಕ್ಕೆ ಕೋಟೆಯೊಳಗೆ ಬೆಂಕಿ ಬಿತ್ತು, ಆಮೇಲೆ ಕೆಲವೇ ವಾರದಲ್ಲಿ ಊರಲ್ಲಿ ಅಲ್ಲಲ್ಲಿ ಬೆಂಕಿ. ಆ ಹೊತ್ತಿಗೆ ಊರಲ್ಲಿ ಐದರಲ್ಲಿ ಒಬ್ಬರು ಕಪ್ಪು ಜನ. ಪಿತೂರಿ ಪಿತೂರಿ ಅಂತ ಗುಲ್ಲೆದ್ದಿತು. ಮಾಹಿತಿ ಕೊಟ್ಟೋರಿಗೆ 100 ಪೌಂಡ್ ಬಹುಮಾನ ಅಂದ ಮೇಲೆ ಮೇರಿ ಬರ್ಟನ್ ಅನ್ನೋ 16 ವರ್ಷದ ಕೆಲಸದ ಹುಡುಗಿ ಹೆಸರು ಹೇಳೋಕೆ ಶುರು ಮಾಡಿದ್ಲು, ನಿಲ್ಲಿಸಲೇ ಇಲ್ಲ. ಜಡ್ಜ್ ಡೇನಿಯಲ್ ಹಾರ್ಸ್‌ಮಂಡನ್ ಮುಂದೆ ಒಬ್ಬೊಬ್ಬರಾಗಿ ಬಂದ್ರು, ಒಪ್ಕೊಂಡು ಇನ್ನೊಬ್ಬರ ಹೆಸರು ಹೇಳಿದ್ರೆ ಜೀವ ಉಳಿಯಬಹುದು, ಇಲ್ಲಾಂದ್ರೆ ಬೆಂಕಿ, ಇಂಥ ವಿಚಾರಣೇಲಿ ಹೆಸರುಗಳು ಹೇಗೆ ಬೆಳೀತವೆ ಊಹಿಸ್ಕೊಳ್ಳಿ. 13 ಕಪ್ಪು ಗಂಡಸರನ್ನ ಕಂಬಕ್ಕೆ ಕಟ್ಟಿ ಸುಟ್ರು, 17 ಜನರನ್ನ ಗಲ್ಲಿಗೆ ಹಾಕಿದ್ರು, ಜೊತೆಗೆ ನಾಲ್ಕು ಬಿಳಿಯರನ್ನೂ, ಎಪ್ಪತ್ತಕ್ಕೂ ಹೆಚ್ಚು ಜನರನ್ನ ಹಡಗು ಹತ್ತಿಸಿ ಊರು ಬಿಡಿಸಿದ್ರು. ನಿಜವಾಗ್ಲೂ ಪಿತೂರಿ ಇತ್ತಾ ಅನ್ನೋದರ ಬಗ್ಗೆ ಇವತ್ತಿಗೂ ಜಗಳ ಇದೆ. ಕೊನೆಗೆ ಮೇರಿ ದೊಡ್ಡ ಮನೆತನದ ಬಿಳಿಯರ ಕಡೆಗೂ ಬೊಟ್ಟು ಮಾಡೋಕೆ ಶುರು ಮಾಡಿದ್ಲು, ವಿಚಾರಣೆ ತಣ್ಣಗಾಯ್ತು.

ಇವರೆಲ್ಲ ಸತ್ತ ಮೇಲೆ ಎಲ್ಲಿ ಹೋದ್ರು? ಟ್ರಿನಿಟಿ ಚರ್ಚ್ 1697ರಲ್ಲೇ ತನ್ನ ಸ್ಮಶಾನದಲ್ಲಿ ಕಪ್ಪು ಜನರನ್ನ ಹೂಳಂಗಿಲ್ಲ ಅಂದಿತ್ತು. ಹಾಗಾಗಿ ಊರಾಚೆ ಒಂದು ಹಾಳು ತಗ್ಗು ಜಾಗದಲ್ಲಿ ಹೂಳ್ತಿದ್ರು. ಅದಕ್ಕೂ ರೂಲ್ಸು, ರಾತ್ರಿ ಹೊತ್ತು ಶವಸಂಸ್ಕಾರ ಬೇಡ, ಹನ್ನೆರಡು ಜನಕ್ಕಿಂತ ಹೆಚ್ಚು ಸೇರೋದು ಬೇಡ. 1790ರ ದಶಕದಲ್ಲಿ ಆ ಸ್ಮಶಾನ ಮುಚ್ಚಿ ಸೈಟ್ ಮಾಡಿ ಮಾರಿದ್ರು, ತಗ್ಗು ತುಂಬಿಸೋಕೆ ಇಪ್ಪತ್ತು ಅಡಿ ಹತ್ತಿರತ್ತಿರ ಮಣ್ಣು ಸುರಿದ್ರು, ಮೇಲೆ ಅಂಗಡಿ ಮನೆ ಎದ್ದವು, ಊರು ಮರೀತು. ಆ ಮಣ್ಣೇ ಕೊನೆಗೆ ಹೆಣಗಳನ್ನ ಕಾಪಾಡ್ತು ಅನ್ನಬಹುದು.

1991ರಲ್ಲಿ 290 ಬ್ರಾಡ್‌ವೇಲಿ ಕೇಂದ್ರ ಸರ್ಕಾರದ 34 ಮಹಡಿ ಆಫೀಸ್ ಕಟ್ಟೋಕೆ ಪಾಯ ತೋಡುವಾಗ ಮೂಳೆ ಸಿಕ್ತು. ಹಳೇ ನಕ್ಷೆಗಳಲ್ಲಿ ಅಲ್ಲಿ ಸ್ಮಶಾನ ಅಂತ ಸ್ಪಷ್ಟವಾಗಿ ಇತ್ತು, ಏನೂ ಉಳಿದಿರಲ್ಲ ಬಿಡಿ ಅಂದ್ಕೊಂಡು ಅಗೀತಾ ಹೋಗಿದ್ರು. ಕಪ್ಪು ಸಮುದಾಯದವರು ಬೀದಿಗಿಳಿದು ಗಲಾಟೆ ಮಾಡಿದ ಮೇಲೆ 1992ರಲ್ಲಿ ಅಗೆತ ನಿಲ್ತು, ಅಷ್ಟರಲ್ಲಿ 419 ಜನರ ಅವಶೇಷ ಹೊರಗೆ ಬಂದಿತ್ತು. ಒಟ್ಟು ಅಲ್ಲಿ ಹೂತವರು 15,000 ಅಂತ ಅಂದಾಜು, ಬಹುಪಾಲು ಇನ್ನೂ ಆ ಬಿಲ್ಡಿಂಗ್‌ಗಳ, ರಸ್ತೆಗಳ ಕೆಳಗೇ ಇದ್ದಾರೆ. ಮೂಳೆಗಳನ್ನ ಮೈಕಲ್ ಬ್ಲೇಕಿ ಅನ್ನೋ ಮಾನವಶಾಸ್ತ್ರಜ್ಞರ ತಂಡ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಅಭ್ಯಾಸ ಮಾಡ್ತು. ಅರ್ಧದ ಹತ್ತಿರ ಮಕ್ಕಳು. ದೊಡ್ಡವರ ಮೂಳೇಲಿ, ಗಂಡಸು ಹೆಂಗಸು ಭೇದ ಇಲ್ಲದೆ, ಸ್ನಾಯು ಅಂಟೋ ಜಾಗ ಹರಿದು ಹೋಗಿರೋ ಗುರುತು, ಅಂದ್ರೆ ದೇಹ ತಡೆಯೋಕೆ ಆಗದಷ್ಟು ಭಾರ ಹೊತ್ತು ಹೊತ್ತು ಆಗಿದ್ದು. ಒಬ್ಬ ಹೆಂಗಸಿನ ಪಕ್ಕೆಲುಬಲ್ಲಿ ಬಂದೂಕಿನ ಗುಂಡು. ಇನ್ನೊಬ್ಬಾಕೆಯ ಮುಂದಿನ ಹಲ್ಲುಗಳನ್ನ ಆಫ್ರಿಕಾದ ಪದ್ಧತಿ ಥರ ಅರದಿಂದ ಉಜ್ಜಿ ಆಕಾರ ಕೊಟ್ಟಿದ್ರು, ಸೊಂಟದ ಸುತ್ತ ನೂರಕ್ಕೂ ಹೆಚ್ಚು ಮಣಿ, ಗಾಜಿಂದು, ಜೊತೆಗೆ ಕವಡೆ. ಹಡಗಿನಲ್ಲಿ ಬಂದೋಳು, ವಾಲ್ ಸ್ಟ್ರೀಟಿನ ಕಟ್ಟೇಲಿ ನಿಂತೋಳೋ ಏನೋ, ಅವಳಿಗೆ ಸೊಂಟಕ್ಕೆ ಮಣಿ ಕಟ್ಟಿ ಮಣ್ಣು ಮಾಡೋ ಜನ ಆ ಊರಲ್ಲಿ ಇದ್ರು, ಅದೂ ಹನ್ನೆರಡು ಜನದ ರೂಲ್ಸ್ ಒಳಗೆ. 2003ರಲ್ಲಿ ಘಾನಾದಲ್ಲಿ ಕೈಯಿಂದ ಕೆತ್ತಿಸಿದ ಪೆಟ್ಟಿಗೆಗಳಲ್ಲಿ 419 ಜನರನ್ನೂ ನ್ಯೂಯಾರ್ಕಿನ ಅದೇ ಜಾಗದಲ್ಲಿ ಮತ್ತೆ ಹೂತ್ರು, 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕ ಆಯ್ತು.

ಸ್ವಾತಂತ್ರ್ಯ ಯುದ್ಧದ ಕಾಲದ್ದು ಬೇಗ ಹೇಳ್ತೀನಿ. ಬಂಡಾಯಗಾರರ ಗುಲಾಮರು ನಮ್ಮ ಕಡೆ ಓಡಿ ಬಂದ್ರೆ ರಕ್ಷಣೆ ಕೊಡ್ತೀವಿ ಅಂತ ಬ್ರಿಟಿಷರು ಹೇಳಿದ್ರಿಂದ ಅವರ ಹಿಡಿತದಲ್ಲಿದ್ದ ನ್ಯೂಯಾರ್ಕಿಗೆ ಸಾವಿರಾರು ಜನ ಬಂದು ಸೇರಿದ್ರು. 1783ರಲ್ಲಿ ಬ್ರಿಟಿಷರು ಸೋತು ಹೊರಡುವಾಗ ಜಾರ್ಜ್ ವಾಷಿಂಗ್ಟನ್ ನಮ್ಮ ಆಸ್ತಿ ವಾಪಸ್ ಕೊಡಿ ಅಂತ ಕೇಳಿದ್ರು, ಬ್ರಿಟಿಷ್ ಸೇನಾಧಿಕಾರಿ ಗೈ ಕಾರ್ಲ್‌ಟನ್ ಕೊಟ್ಟ ಮಾತು ಮುರಿಯಲ್ಲ ಅಂದ್ರು, 3,000 ಜನರ ಹೆಸರು ಒಂದು ದಫ್ತರದಲ್ಲಿ ಬರೆದು ಕೆನಡಾದ ನೋವಾ ಸ್ಕೋಷಿಯಾಗೆ ಹಡಗು ಹತ್ತಿಸಿದ್ರು. ಆ ದಫ್ತರದಲ್ಲಿ ಹ್ಯಾರಿ ವಾಷಿಂಗ್ಟನ್ ಅಂತ ಒಂದು ಹೆಸರು, ಆತ ಜಾರ್ಜ್ ವಾಷಿಂಗ್ಟನ್ನರ ಎಸ್ಟೇಟಿಂದಲೇ ತಪ್ಪಿಸ್ಕೊಂಡು ಬಂದೋನು. ಸ್ವಾತಂತ್ರ್ಯ ಬೇಕು ಅಂದ್ರೆ ಸ್ವತಂತ್ರ ಅಮೆರಿಕದಿಂದ ಓಡಬೇಕಾಗಿತ್ತು.

ಹೊಸ ದೇಶದ ಮೊದಲ ಜನಗಣತಿ, 1790. ನ್ಯೂಯಾರ್ಕ್ ರಾಜ್ಯದಲ್ಲಿ 21,000ಕ್ಕೂ ಹೆಚ್ಚು ಗುಲಾಮರು. ಈಗಿನ ಬ್ರೂಕ್ಲಿನ್, ಆಗ ಕಿಂಗ್ಸ್ ಕೌಂಟಿ, ಅಲ್ಲಿ ಸುಮಾರು 4,500 ಜನರಲ್ಲಿ 1,400ಕ್ಕೂ ಹೆಚ್ಚು ಗುಲಾಮರು, ಡಚ್ ರೈತರ ಹೊಲಗಳಲ್ಲಿ. ಅಂದ್ರೆ ಮೂರರಲ್ಲಿ ಒಬ್ಬರು. ಬೇಕಾದ್ರೆ ಬ್ರೂಕ್ಲಿನ್ ಮ್ಯಾಪ್ ತೆಗೆದು ನೋಡಿ, ಲೆಫರ್ಟ್ಸ್, ಡಿಟ್ಮಾಸ್, ಬರ್ಗೆನ್, ಇವೆಲ್ಲ ಗುಲಾಮರನ್ನ ಇಟ್ಕೊಂಡಿದ್ದ ಮನೆತನಗಳ ಹೆಸರು. 1785ರಲ್ಲಿ ಬಿಡುಗಡೆಗಾಗಿ ಒಂದು ಸಂಘ ಹುಟ್ಕೊಳ್ತು, ಅಧ್ಯಕ್ಷರು ಜಾನ್ ಜೇ, ಮುಂದೆ ದೇಶದ ಮೊದಲ ಮುಖ್ಯ ನ್ಯಾಯಮೂರ್ತಿ ಆದವರು. ಅವರ ಮನೇಲೂ ಗುಲಾಮರಿದ್ರು. ಸಂಘದ ಬೇರೆ ಸುಮಾರು ಸದಸ್ಯರ ಮನೇಲೂ. ಇದನ್ನ ಬರೀ ಬೂಟಾಟಿಕೆ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ, ಅವರು ಕಪ್ಪು ಮಕ್ಕಳಿಗೆ ಶಾಲೆ ತೆಗೆದ್ರು, ಅಪಹರಣದ ಕೇಸ್ ನಡೆಸಿದ್ರು, ಆದ್ರೆ ಮುಂದೆ ಬಂದ ಕಾನೂನು ಯಾಕೆ ಹಾಗಿತ್ತು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಈಗ 1799. ಗವರ್ನರ್ ಜಾನ್ ಜೇ ಸಹಿ ಹಾಕಿದ್ರು. ಕಾನೂನಿನ ಸಾರ ಇಷ್ಟು: 1799ರ ಜುಲೈ 4 ಆದ್ಮೇಲೆ ಗುಲಾಮ ತಾಯಿಗೆ ಹುಟ್ಟೋ ಮಗು ಸ್ವತಂತ್ರ. ಆದ್ರೆ ಗಂಡಾದ್ರೆ 28 ವರ್ಷ ಆಗೋವರೆಗೆ, ಹೆಣ್ಣಾದ್ರೆ 25 ಆಗೋವರೆಗೆ ತಾಯಿಯ ಯಜಮಾನನಿಗೆ ಸಂಬಳ ಇಲ್ಲದೆ ದುಡೀಬೇಕು. ಜುಲೈ 4ಕ್ಕೆ ಮುಂಚೆ ಹುಟ್ಟಿದವರಿಗೆ ಏನೂ ಇಲ್ಲ, ಜೀವನಪೂರ್ತಿ ಗುಲಾಮರೇ. ಅಂದ್ರೆ ಕಾನೂನು ಜಾರಿಗೆ ಬಂದ ದಿನ ನ್ಯೂಯಾರ್ಕ್‌ನಲ್ಲಿ ಬಿಡುಗಡೆಯಾದವರು ಎಷ್ಟು ಜನ? ಸೊನ್ನೆ. ಮೊದಲ ಮನುಷ್ಯ ಈ ಕಾನೂನಿಂದ ನಿಜವಾಗಿ ಕೈ ಬೀಸ್ಕೊಂಡು ಹೊರಗೆ ಹೋಗೋಕೆ 25 ವರ್ಷ ಕಾಯಬೇಕು.

ಯಾಕೆ 28, ಯಾಕೆ 25? ಯಜಮಾನರಿಗೆ ಪರಿಹಾರ. ಖಜಾನೆಯಿಂದ ದುಡ್ಡು ಕೊಟ್ರೆ ತೆರಿಗೆ ಕಟ್ಟೋರು ಕೂಗ್ತಾರೆ, ಹಾಗಾಗಿ ಮಗುವಿನ ಯೌವನವನ್ನೇ ಪರಿಹಾರವಾಗಿ ಕೊಟ್ರು. ಚಿಕ್ಕಂದಿನಲ್ಲಿ ಸಾಕಿದ ಖರ್ಚೂ ವಸೂಲು, ಮೇಲೆ ಲಾಭ. ಅದಕ್ಕೂ ಮೇಲೆ ಇನ್ನೊಂದು ಕಲಮು ಇತ್ತು, ಇದನ್ನ ಓದಿದಾಗ ನಾನು ಎರಡು ಸಲ ಓದಬೇಕಾಯ್ತು. ಯಜಮಾನನಿಗೆ ಮಗು ಬೇಡ ಅನ್ಸಿದ್ರೆ ಒಂದು ವರ್ಷ ಆದ್ಮೇಲೆ ಅದನ್ನ ಬಡವರ ಲೆಕ್ಕಕ್ಕೆ ಬಿಟ್ಟುಕೊಡಬಹುದು. ಊರಿನ ಅಧಿಕಾರಿಗಳು ಆ ಮಗುವನ್ನ ಯಾರಾದ್ರೂ ಸಾಕೋರ ಮನೇಲಿ ಇಡಬೇಕು, ಸಾಕೋರಿಗೆ ಸರ್ಕಾರ ತಿಂಗಳಿಗೆ ಮೂರೂವರೆ ಡಾಲರ್‌ವರೆಗೆ ಕೊಡತ್ತೆ. ಏನಾಯ್ತು ಗೊತ್ತಲ್ಲ, ಯಜಮಾನ ಮಗುವನ್ನ ಕಾಗದದ ಮೇಲೆ ಬಿಟ್ಟುಕೊಟ್ಟ, ಅದೇ ಮಗುವನ್ನ ಸಾಕ್ತೀನಿ ಅಂತ ಅವನೇ ಮುಂದೆ ಬಂದ, ತಿಂಗಳು ತಿಂಗಳು ಸರ್ಕಾರದ ದುಡ್ಡು ತಗೊಂಡ. ಮಗು ಅಡುಗೆಮನೆಯಿಂದ ಆಚೆ ಹೋಗಲೇ ಇಲ್ಲ. ಖರ್ಚು ಕೈ ಮೀರಿದಾಗ 1804ರಲ್ಲಿ ಇದನ್ನ ನಿಲ್ಲಿಸಿದ್ರು.

1817ರಲ್ಲಿ ಇನ್ನೊಂದು ಕಾನೂನು, ಹಳಬರಿಗೂ ಒಂದು ತಾರೀಖು ಕೊಡ್ತು, 1799ರ ಜುಲೈ 4ಕ್ಕೆ ಮುಂಚೆ ಹುಟ್ಟಿದವರೆಲ್ಲ 1827ರ ಜುಲೈ 4ಕ್ಕೆ ಸ್ವತಂತ್ರರು. ಅದಕ್ಕೂ ಹತ್ತು ವರ್ಷ ವಾಯಿದೆ. ಈ ಎರಡು ಕಾನೂನು ಸೇರಿ ಒಂದು ಮನೇಲಿ ಹೇಗೆ ಕೆಲಸ ಮಾಡ್ತಿದ್ವು ಅಂತ ಒಂದು ಉದಾಹರಣೆ ಹಾಕ್ಕೊಂಡು ನೋಡೋಣ, ಹೆಸರು ಬೇಡ, ಒಬ್ಬ ತಾಯಿ ಅಂತಿಟ್ಕೊಳ್ಳಿ. 1799ರಲ್ಲಿ ಅವಳಿಗೆ 20 ವರ್ಷ, ಮೂರು ವರ್ಷದ ಮಗಳಿದಾಳೆ, ಆಗಸ್ಟಲ್ಲಿ ಒಂದು ಗಂಡುಮಗು ಹುಟ್ತು. ತಾಯಿ ಮತ್ತೆ ಮಗಳು ಜೀವನಪೂರ್ತಿ ಗುಲಾಮರು, ಮಗ ಕಾನೂನಿನ ಪ್ರಕಾರ ಹುಟ್ಟಾ ಸ್ವತಂತ್ರ. 1817ರ ಕಾನೂನು ಬಂದು ತಾಯಿ ಮಗಳು 1827ರ ಜುಲೈ 4ಕ್ಕೆ ಬಿಡುಗಡೆ. ಮಗ? ಅವನಿಗೆ 28 ತುಂಬೋದು 1827ರ ಆಗಸ್ಟಿಗೆ. ಹುಟ್ಟಾ ಸ್ವತಂತ್ರ ಆದವನು ಜೀವನಪೂರ್ತಿ ಗುಲಾಮಳಾಗಿದ್ದ ತಾಯಿಗಿಂತ ಒಂದು ತಿಂಗಳು ತಡವಾಗಿ ಬಿಡುಗಡೆ ಆಗ್ತಾನೆ! 1810ರಲ್ಲಿ ಅವಳಿಗೆ ಇನ್ನೊಂದು ಗಂಡು ಹುಟ್ಟಿದ್ರೆ ಅವನ ಸರದಿ 1838. ಮಗಳಿಗೆ 1820ರಲ್ಲಿ ಒಂದು ಮಗು ಆದ್ರೆ, 1817ರ ನಂತರ ಹುಟ್ಟಿದವರಿಗೆ 21 ವರ್ಷ ಅಂತ ಇಳಿಸಿದ್ರಿಂದ, ಆ ಮೊಮ್ಮಗು 1841ರವರೆಗೆ ದುಡೀಬೇಕು. ಅಜ್ಜಿ ಸ್ವತಂತ್ರ, ಅಮ್ಮ ಸ್ವತಂತ್ರ, ಮೊಮ್ಮಗು ಯಜಮಾನನ ಮನೇಲಿ. 1827ಕ್ಕೆ ಮುಗೀತು ಅಂತ ಪುಸ್ತಕಗಳಲ್ಲಿ ಬರೆಯೋದು ಸುಲಭ, ಲೆಕ್ಕ ಹಾಕಿದ್ರೆ 1840ರ ದಶಕದ ತನಕ ಬಾಲ ಚಾಚ್ಕೊಂಡಿದೆ.

ಇದು ಬರೀ ಲೆಕ್ಕ ಅಲ್ಲ, ಬದುಕಿದವರಿದ್ದಾರೆ. ನ್ಯೂಯಾರ್ಕ್ ಊರಿಂದ ಉತ್ತರಕ್ಕೆ ಅಲ್‌ಸ್ಟರ್ ಕೌಂಟೀಲಿ ಇಸಬೆಲ್ಲಾ ಅಂತ ಒಬ್ಬಾಕೆ, 1797ರ ಸುಮಾರಿಗೆ ಹುಟ್ಟಿದವರು, ಮನೆಮಾತು ಡಚ್, ಇಂಗ್ಲಿಷ್ ಬರದೆ ಹೊಸ ಯಜಮಾನನಿಂದ ಹೊಡೆತ ತಿಂದವರು. ಒಂದು ವರ್ಷ ಮುಂಚೆ ಬಿಡ್ತೀನಿ ಅಂತ ಯಜಮಾನ ಮಾತು ಕೊಟ್ಟು ತಪ್ಪಿದ, 1826ರ ಕೊನೇಲಿ ಒಂದು ಬೆಳಗಿನ ಜಾವ ಎಳೆಕೂಸು ಸೋಫಿಯಾನ ಎತ್ಕೊಂಡು ನಡೆದುಬಿಟ್ರು. ಬೇರೆ ಮಕ್ಕಳನ್ನ ಬಿಟ್ಟು ಹೋಗಬೇಕಾಯ್ತು, ಯಾಕಂದ್ರೆ ಅವರಿಗೆ 1799ರ ಕಾನೂನಿನ 25, 28 ವರ್ಷದ ಬಾಕಿ ಇತ್ತು. ಆಶ್ರಯ ಕೊಟ್ಟ ಮನೆಯವರು ಯಜಮಾನನಿಗೆ ಆಕೆಗಾಗಿ 20 ಡಾಲರ್, ಕೂಸಿಗೆ 5 ಡಾಲರ್ ಕೊಟ್ಟು ಕಳಿಸಿದ್ರು. ಅಷ್ಟೊತ್ತಿಗೆ ಐದು ವರ್ಷದ ಮಗ ಪೀಟರ್‌ನನ್ನ ಕಾನೂನು ಮೀರಿ ಅಲಬಾಮಾಗೆ ಮಾರಿಬಿಟ್ಟಿದ್ರು. ಇದು ಆ ಕಾಲದ ದೊಡ್ಡ ದಂಧೆ, ಇನ್ನು ಕೆಲವು ವರ್ಷದಲ್ಲಿ ಕೈ ತಪ್ಪೋ ಆಳನ್ನ ಗುಲಾಮಗಿರಿಗೆ ಕೊನೆ ದಿನಾಂಕ ಇಲ್ಲದ ದಕ್ಷಿಣಕ್ಕೆ ಸಾಗಿಸಿ ಪೂರ್ತಿ ಬೆಲೆ ಎತ್ತೋದು. ಆ ತಾಯಿ ಓದು ಬರಹ ಬರದಿದ್ರೂ ಕೋರ್ಟಿಗೆ ಹೋಗಿ 1828ರಲ್ಲಿ ಕೇಸ್ ಗೆದ್ದು ಮಗನನ್ನ ವಾಪಸ್ ತರಿಸಿದ್ರು, ಹುಡುಗನ ಮೈತುಂಬ ಬಾಸುಂಡೆ. ಆಮೇಲೆ ಆಕೆ ಸೋಜರ್ನರ್ ಟ್ರೂತ್ ಅಂತ ಹೆಸರು ಇಟ್ಕೊಂಡು ದೇಶ ತಿರುಗಿ ಗುಲಾಮಗಿರಿ ವಿರುದ್ಧ ಭಾಷಣ ಮಾಡಿದ್ರು.

1827ರ ಜುಲೈ 4ಕ್ಕೆ ಬಿಡುಗಡೆ ಆಯ್ತು, ಮೆರವಣಿಗೆ ಮಾತ್ರ ಜುಲೈ 5ಕ್ಕೆ. ನಾಲ್ಕನೇ ತಾರೀಖು ಬಿಳಿಯರು ಕುಡಿದು ಬೀದೀಲಿರ್ತಾರೆ, ಕಪ್ಪು ಜನ ಮೆರವಣಿಗೆ ಹೊರಟ್ರೆ ಹೊಡೆದಾಟ ಗ್ಯಾರಂಟಿ. ಆ ವರ್ಷ ಮಾರ್ಚಲ್ಲೇ ಸ್ಯಾಮುಯೆಲ್ ಕಾರ್ನಿಶ್ ಮತ್ತೆ ಜಾನ್ ರಸ್ವರ್ಮ್ ಸೇರ್ಕೊಂಡು ಕಪ್ಪು ಜನರದ್ದೇ ಆದ ದೇಶದ ಮೊದಲ ಪತ್ರಿಕೆ ಇದೇ ಊರಲ್ಲಿ ಶುರು ಮಾಡಿದ್ರು. ಓಟು? 1821ರ ರಾಜ್ಯ ಸಂವಿಧಾನ ಬಿಳಿಯರಿಗೆ ಆಸ್ತಿ ಇರಬೇಕು ಅನ್ನೋ ಷರತ್ತು ತೆಗೀತು, ಕಪ್ಪು ಗಂಡಸರಿಗೆ ಮಾತ್ರ 250 ಡಾಲರ್ ಆಸ್ತಿ ಬೇಕು ಅಂತ ಉಳಿಸ್ತು, 1870ರವರೆಗೂ ಹಾಗೇ ಇತ್ತು. ಇನ್ನು ಬೀದೀಲಿ ಓಡಾಡೋ ಸ್ವತಂತ್ರ ಮಕ್ಕಳನ್ನೇ ಓಡಿ ಬಂದ ಗುಲಾಮರು ಅಂತ ಹಿಡಿದು ದಕ್ಷಿಣಕ್ಕೆ ಸಾಗಿಸೋ ಗ್ಯಾಂಗುಗಳು. ಡೇವಿಡ್ ರಗಲ್ಸ್ ಅನ್ನೋ ಕಪ್ಪು ಯುವಕ 1835ರಲ್ಲಿ ಇದರ ವಿರುದ್ಧ ಒಂದು ಕಾವಲು ಸಮಿತಿ ಕಟ್ಟಿದ, ಮುಂದೆ ಗುಲಾಮಗಿರಿ ವಿರುದ್ಧದ ಹೋರಾಟದಲ್ಲಿ ದೊಡ್ಡ ಹೆಸರಾದ ಫ್ರೆಡರಿಕ್ ಡಗ್ಲಸ್ 1838ರಲ್ಲಿ ದಕ್ಷಿಣದಿಂದ ತಪ್ಪಿಸ್ಕೊಂಡು ಬಂದಾಗ ಉಳ್ಕೊಂಡಿದ್ದು ಲಿಸ್ಪನಾರ್ಡ್ ಸ್ಟ್ರೀಟಿನ ಅವನ ಮನೇಲೇ.

ಮನೇಲಿ ಗುಲಾಮರು ಇಲ್ಲ ಅಂದ ಮಾತ್ರಕ್ಕೆ ಗುಲಾಮಗಿರಿ ದುಡ್ಡು ನಿಂತಿರಲಿಲ್ಲ, ನಿಜ ಹೇಳ್ಬೇಕು ಅಂದ್ರೆ ಆಗಲೇ ಜಾಸ್ತಿ ಆಗಿದ್ದು. ದಕ್ಷಿಣದ ಹತ್ತಿಗೆ ಮುಂಗಡ ಸಾಲ ಕೊಡೋದು ನ್ಯೂಯಾರ್ಕ್ ಬ್ಯಾಂಕು, ಲಿವರ್‌ಪೂಲಿಗೆ ಸಾಗಿಸೋದು ನ್ಯೂಯಾರ್ಕ್ ಹಡಗು, ವಿಮೆ ನ್ಯೂಯಾರ್ಕ್ ಕಂಪನಿ. ಹತ್ತಿಯ ಪ್ರತಿ ಡಾಲರಲ್ಲಿ 40 ಸೆಂಟ್ ನ್ಯೂಯಾರ್ಕಿನವರ ಜೇಬಿಗೆ ಹೋಗತ್ತೆ ಅಂತ ದಕ್ಷಿಣದವರೇ ಗೊಣಗ್ತಿದ್ರು. ಹಡಗಿಗಷ್ಟೇ ಅಲ್ಲ, ಮನುಷ್ಯರಿಗೂ ವಿಮೆ. ನ್ಯೂಯಾರ್ಕ್ ಲೈಫ್ ಅಂತ ಈಗ ಹೆಸರಿರೋ ಕಂಪನಿ ಹಿಂದೆ ನಾಟಿಲಸ್ ಅಂತಿತ್ತು, ಅದು 1840ರ ದಶಕದಲ್ಲಿ ಗುಲಾಮರ ಜೀವದ ಮೇಲೆ ಐನೂರರಷ್ಟು ಪಾಲಿಸಿ ಮಾರಿತ್ತು, ಗುಲಾಮ ಸತ್ರೆ ದುಡ್ಡು ಯಜಮಾನನಿಗೆ. ಕಾನೂನು ಮೀರಿ ಆಫ್ರಿಕಾದಿಂದ ಕ್ಯೂಬಾಗೆ ಜನ ಸಾಗಿಸೋ ಹಡಗುಗಳನ್ನೂ 1850ರ ದಶಕದಲ್ಲಿ ಇದೇ ಬಂದರಲ್ಲಿ ಸಜ್ಜು ಮಾಡ್ತಿದ್ರು. ಗುಲಾಮ ಸಾಗಾಣಿಕೆಗೆ ಗಲ್ಲು ಅಂತ 1820ರಿಂದಲೂ ಕಾನೂನಿತ್ತು, ಗಲ್ಲಿಗೇರಿದ್ದು ಒಬ್ಬನೇ ಒಬ್ಬ, ಕ್ಯಾಪ್ಟನ್ ನಥಾನಿಯಲ್ ಗಾರ್ಡನ್, 1860ರಲ್ಲಿ 897 ಜನರನ್ನ ತುಂಬ್ಕೊಂಡು ಕಾಂಗೊ ತೀರದ ಹತ್ರ ಸಿಕ್ಕಿಬಿದ್ದ, 1862ರಲ್ಲಿ ನ್ಯೂಯಾರ್ಕ್ ಜೈಲಲ್ಲಿ ಗಲ್ಲಾಯ್ತು. ದಕ್ಷಿಣದ ರಾಜ್ಯಗಳು ಒಡೆದು ಹೋಗ್ತಿದ್ದಾಗ, 1861ರ ಜನವರಿಲಿ, ನ್ಯೂಯಾರ್ಕ್ ಮೇಯರ್ ಫರ್ನಾಂಡೊ ವುಡ್ ನಾವೂ ಬೇರೆ ಆಗಿ ಸ್ವತಂತ್ರ ನಗರ ಆಗೋಣ, ದಕ್ಷಿಣದ ಜೊತೆ ವ್ಯಾಪಾರ ಕೆಡೋದು ಬೇಡ ಅಂತ ಸಲಹೆ ಕೊಟ್ಟ. ಯಾರೂ ಅವನ ಮಾತು ನಡೆಸಿಕೊಡಲಿಲ್ಲ ಅನ್ನೋದು ಬೇರೆ.

ಆ ವರ್ಷವೇ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಯ್ತು, ಆ ಯುದ್ಧದ ಹತ್ತಿ ನಮ್ಮೂರಿಗೂ ತಾಕಿದೆ. ಅಮೆರಿಕದ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ಬಾಯಿ ಬಿಟ್ಟಾಗ ಧಾರವಾಡ, ಹುಬ್ಬಳ್ಳಿ, ಗದಗ ಕಡೆ ಹತ್ತಿ ರೇಟು ಗಗನಕ್ಕೇರಿತ್ತು, ಅದಕ್ಕೂ ಇಪ್ಪತ್ತು ವರ್ಷ ಮುಂಚೆ ಬ್ರಿಟಿಷರು ಅಮೆರಿಕದಿಂದಲೇ ತರಿಸಿ ಬಿತ್ತಿಸಿದ್ದ ತಳಿಗೆ ಧಾರವಾಡ ಅಮೆರಿಕನ್ ಅಂತಲೇ ಹೆಸರಿತ್ತು. 1865ಕ್ಕೆ ಯುದ್ಧ ಮುಗೀತು, ರೇಟೂ ಬಿತ್ತು.

1863ರ ಜುಲೈಲಿ ಉತ್ತರದ ಸೇನೆಗೆ ಕಡ್ಡಾಯ ಭರ್ತಿ ಶುರುವಾಯ್ತು, 300 ಡಾಲರ್ ಕೊಟ್ರೆ ತಪ್ಪಿಸ್ಕೋಬಹುದು. ಕೊಡೋಕಾಗದ ಬಡ ಬಿಳಿಯರ ಸಿಟ್ಟು ತಿರುಗಿದ್ದು ಕಪ್ಪು ಜನರ ಮೇಲೆ. ನಾಲ್ಕು ದಿನ ಗಲಭೆ. ಫಿಫ್ತ್ ಅವೆನ್ಯೂದಲ್ಲಿದ್ದ ಕಪ್ಪು ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ರು, 233 ಮಕ್ಕಳು ಹಿಂದಿನ ಬಾಗಿಲಿಂದ ಸಾಲಾಗಿ ಹೊರಗೆ ಬಂದು ಹೇಗೋ ಉಳ್ಕೊಂಡ್ರು. ಕಪ್ಪು ಗಂಡಸರನ್ನ ದೀಪದ ಕಂಬಕ್ಕೆ ನೇತುಹಾಕಿದ್ರು. ಒಟ್ಟು ನೂರಕ್ಕೂ ಹೆಚ್ಚು ಸಾವು. ಗಲಭೆ ಆದ್ಮೇಲೆ ಸಾವಿರಾರು ಕಪ್ಪು ಜನ ಊರೇ ಬಿಟ್ರು.

ವಾಲ್ ಸ್ಟ್ರೀಟಿನ ಆ ಸಂತೆ ಕಟ್ಟೆ ಇದ್ದ ಜಾಗದ ಹತ್ರ ನಗರಸಭೆ ಒಂದು ಫಲಕ ಹಾಕಿದ್ದು 2015ರಲ್ಲಿ, ಅಲ್ಲೀತನಕ ಏನೂ ಇರಲಿಲ್ಲ. 2023ರ ಡಿಸೆಂಬರಲ್ಲಿ ಗವರ್ನರ್ ಕ್ಯಾಥಿ ಹೋಕುಲ್ ಸಹಿ ಹಾಕಿದ ಕಾನೂನಿನ ಪ್ರಕಾರ ಈ ಗುಲಾಮಗಿರಿಗೂ ಅದರ ಪರಿಣಾಮಕ್ಕೂ ಪರಿಹಾರ ಏನಿರಬಹುದು ಅಂತ ನೋಡೋಕೆ ರಾಜ್ಯದಲ್ಲಿ ಒಂದು ಆಯೋಗ ಆಯ್ತು. ಅದಕ್ಕೆ ವಿರೋಧ ಇರೋರ ಒಂದು ವಾದ ಅಂದ್ರೆ ಉತ್ತರದವರು ಯುದ್ಧದಲ್ಲಿ ರಕ್ತ ಸುರಿಸಿ ಸಾಲ ತೀರಿಸಿದ್ದಾರೆ, ಮತ್ತೆ ಯಾಕೆ ಕೊಡಬೇಕು. ಪರಿಹಾರ ಅನ್ನೋದು ನ್ಯೂಯಾರ್ಕಿಗೆ ಹೊಸದೇನಲ್ಲ, 1799ರಲ್ಲೂ ಕೊಟ್ಟಿದೆ, ತಿಂಗಳಿಗೆ ಮೂರೂವರೆ ಡಾಲರ್ ಲೆಕ್ಕದಲ್ಲಿ, ಯಜಮಾನರಿಗೆ.